ಸಂಜೆ ನಾನು ನೆಟ್ಟಗೆ ಮಾಡಿದ ಸಾಲುಗಳು

ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಜೋಲುವುದಿಲ್ಲ. ಚಪ್ಪಲಿಗಳು ಹಿಮ್ಮಡಿ ಗೋಡೆಗೆ ತಾಗಿ ಜೋಡಿ ಜೋಡಿಯಾಗಿ ಇರುತ್ತವೆ. "ಅಜ್ಜಾ, ನಿನ್ನ ಮನ್ಯಾಗ ಹಲ್ಲಿನೂ ನೆಟ್ಟಗ ಹರದಾಡತೈತಿ" ಎಂದು ಮೊಮ್ಮಗಳು ಆಡಿಕೊಳ್ಳುತ್ತಾಳೆ. ನಗುತ್ತೇನೆ, ಆದರೆ ಪೂರ್ತಿ ನಗಲು ಆಗುವುದಿಲ್ಲ. ಈ ಗುಣ ಸಸ್ಯಕ್ಷೇತ್ರದಲ್ಲಿ ನನಗೆ ಒಳ್ಳೆಯ ಹೆಸರು ತಂದಿತು. ರೋಗಿಗಳಿಂದ ಗಿಡ ನೆಡಿಸಿ ಗುಣಪಡಿಸುವ ತೋಟದ ಚಿಕಿತ್ಸೆಯ ಕೆಲಸದಲ್ಲಿ ಅದೇ ಗುಣ ಇಳಕಲ್ಲಿನ ಒಬ್ಬ ನೇಕಾರ ಹೆಣ್ಣುಮಗಳಿಗೆ ಕೇಡು ಮಾಡಿತು.

ಈಗ ಈ ಕೆಲಸವನ್ನು ಓದಿಕೊಂಡು ಬರುವ ಹುಡುಗ ಹುಡುಗಿಯರಿದ್ದಾರೆ. ಕೆಲವರು ಬಾಗಲಕೋಟೆ ನವನಗರದ ನಮ್ಮ ಮನೆ ಹುಡುಕಿಕೊಂಡು ಬಂದು, ಯಾವ ರೋಗಿಗೆ ಯಾವ ಗಿಡ ಒಳ್ಳೆಯದು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಸುಲಭ. ಬೇಗ ಮೊಳೆಯುವುದನ್ನು ಮೊದಲು ಕೊಡಿ, ಮೆಂತ್ಯೆ ಆಗಬಹುದು, ಸಾಸಿವೆ ಆಗಬಹುದು. ಬೇಸರದಲ್ಲಿರುವವನಿಗೆ ಕಾಯುವ ಶಕ್ತಿ ಇರುವುದಿಲ್ಲ. ವಾಸನೆಯ ಗಿಡಗಳಿರಲಿ, ಮರುಗ, ದವನ. ಕಣಗಿಲೆ ಬೇಡ, ಅದು ವಿಷ. ಮೆಣಸಿನ ಗಿಡ ಕೊಟ್ಟರೆ ಕೈ ತೊಳೆಸದೆ ಬಿಡಬೇಡಿ. ಒಮ್ಮೆ ನಾನು ಮರೆತು, ಇಡೀ ಗುಂಪು ಕಣ್ಣುಜ್ಜಿಕೊಂಡು ಅತ್ತು, ಭೇಟಿಗೆ ಬಂದ ನೆಂಟರು ಇಲ್ಲಿ ಹೊಡೆಯುತ್ತಾರೇನೋ ಎಂದು ಗಾಬರಿಯಾಗಿದ್ದರು. ಇಷ್ಟು ಪುಸ್ತಕದಲ್ಲೂ ಸಿಗುತ್ತದೆ. ಪುಸ್ತಕದಲ್ಲಿ ಸಿಗದ್ದನ್ನು ಬರೆಯಲು ಕೂತಿದ್ದೇನೆ.

ನಾನು ಬೆಳೆದದ್ದು ಒಂದು ಮಠದ ಪ್ರಸಾದ ನಿಲಯದಲ್ಲಿ. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಸ್ನಾನ, ಗಂಟೆ ಬಾರಿಸಿದರೆ ಸಾಲಾಗಿ ಕೂತು ಊಟ. ಯಾರ ಮೊಣಕಾಲಾದರೂ ಸಾಲಿನಿಂದ ಮುಂದೆ ಬಂದರೆ ಅದರ ಮೇಲೆ ಬೆತ್ತ ಬೀಳುತ್ತಿತ್ತು. ಉಳಿದ ಹುಡುಗರು ಗೊಣಗುತ್ತಿದ್ದರು. ನನಗೆ ಆ ಶಿಸ್ತು ಹಿಡಿಸಿತು. ಕೆಲವರಿಗೆ ಹಿಡಿಸುತ್ತದೆ.

ಅಲ್ಲಿಂದ ಕಲಾದಗಿ ಕಡೆಯ ಒಂದು ಸಸ್ಯಕ್ಷೇತ್ರದಲ್ಲಿ ಕೆಲಸ ಸಿಕ್ಕಿತು. ದಾಳಿಂಬೆ, ಚಿಕ್ಕು ಸಸಿ ಮಾಡಿ ರೈತರಿಗೆ ಕೊಡುವುದು. ಎರಡು ಗೂಟ ನೆಟ್ಟು ಹಗ್ಗ ಎಳೆದು ಸಾಲು ಹಿಡಿಯುತ್ತಿದ್ದೆ. ನನ್ನ ಸಾಲಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರೆ ಮೊದಲ ಸಸಿ ಮಾತ್ರ ಕಾಣಬೇಕು, ಉಳಿದವೆಲ್ಲ ಅದರ ಹಿಂದೆ ಅಡಗಬೇಕು. ಸಸಿ ನೆಟ್ಟ ಮೇಲೆ ಬುಡದ ಮಣ್ಣನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತುವುದು ನನ್ನ ರೂಢಿ. ಒಂದು ಸಣ್ಣ ಗುಳಿ ಬೀಳುತ್ತಿತ್ತು. ಈ ಗುಳಿ ನೆನಪಿರಲಿ.

ಆಮೇಲೆ ಬಾಗಲಕೋಟೆಯ ಅಂಚಿನ ಒಂದು ಆರೈಕೆ ಕೇಂದ್ರಕ್ಕೆ ಬಂದೆ. ಲಕ್ವಾ ಹೊಡೆದವರು, ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದವರು, ಕುಡಿತ ಬಿಡಲು ಬಂದವರು ಅಲ್ಲಿ ಇದ್ದರು. ಅವರಿಂದ ತೋಟದ ಕೆಲಸ ಮಾಡಿಸಿ, ಆ ಕೆಲಸದ ಮೂಲಕವೇ ಕೈಕಾಲಿಗೂ ಮನಸ್ಸಿಗೂ ಬಲ ತರುವುದು ಅಲ್ಲಿಯ ಪದ್ಧತಿ. ತೋಟದ ಹೊಣೆ ನನ್ನದು. ಕೇಂದ್ರದ ಮುಖ್ಯಸ್ಥರು ಒಬ್ಬ ವೈದ್ಯೆ. ಎಲ್ಲರೂ ಅವರನ್ನು ಡಾಕ್ಟರ್ ಬಾಯಾರು ಎನ್ನುತ್ತಿದ್ದರು. ಸಣ್ಣ ಆಳು, ದೊಡ್ಡ ಹೆಜ್ಜೆ, ಸಿಟ್ಟು ಬಂದರೆ ಧ್ವನಿ ತಗ್ಗುವ ಜಾತಿ.

ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ಕೂಡಿಸಿ ಗಿಡಗಳ ನಡುವಿನ ಅಂತರದ ಬಗ್ಗೆ ಉಪನ್ಯಾಸ ಕೊಟ್ಟೆ. ಇಬ್ಬರು ನಿದ್ದೆ ಹೋದರು. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಕೈ ಎತ್ತಿ, "ಸರ್, ನೀವು ಮುಗಸೂದರಾಗ ಸಸಿ ಒಣಗತಾವ್ರಿ" ಎಂದಳು. ಆಗ ಸಿಟ್ಟು ಬಂತು. ಆಕೆ ಹೇಳಿದ್ದು ನೂರಕ್ಕೆ ನೂರು ಸರಿ ಇತ್ತು.

ಹೊರಗೆ ಈ ಕೆಲಸಕ್ಕೆ ಮರ್ಯಾದೆ ಕಡಿಮೆ. ಬಾದಾಮಿಯಲ್ಲಿ ಒಂದು ಮದುವೆಯಲ್ಲಿ ನನ್ನ ಹೆಂಡತಿಯ ಅಣ್ಣ ಬೀಗರಿಗೆ ನನ್ನ ಪರಿಚಯ ಮಾಡಿಸುತ್ತಾ, "ಇವ್ರು ಹುಚ್ಚರ ತ್ವಾಟದಾಗ ಮಾಲಿ" ಎಂದ. ಪಂಕ್ತಿಯಲ್ಲಿ ಕೂತವರು ನಕ್ಕರು. ಅಂದು ನಾನು ಹೋಳಿಗೆ ಬಿಟ್ಟು ಎದ್ದೆ. ಮುಂದೆ ಬಹಳ ದಿನ ಯಾರು ಕೇಳಿದರೂ "ದವಾಖಾನ್ಯಾಗ ಇದ್ದೇನಿ" ಎಂದಷ್ಟೇ ಹೇಳುತ್ತಿದ್ದೆ. ನನ್ನ ರೋಗಿಗಳು ನನ್ನನ್ನು ಕಂಡಾಗ ಬೀದಿಯಲ್ಲಿ ನಿಂತು ಕೈಮುಗಿಯುತ್ತಿದ್ದರು. ನಾನು ಅವರ ಹೆಸರನ್ನು ಮದುವೆ ಮನೆಯಲ್ಲಿ ಬಚ್ಚಿಡುತ್ತಿದ್ದೆ. ಭಾವ ನಗಿಸಿದ್ದನ್ನು ಎಂದೋ ಮರೆತೆ. ನಾನು ಬಚ್ಚಿಟ್ಟದ್ದನ್ನು ಮರೆಯಲು ಆಗಿಲ್ಲ.

ಗಂಟೆಯ ಸಂಗತಿ ಹೇಳಬೇಕು. ಪ್ರಸಾದ ನಿಲಯದ ರೂಢಿಯಂತೆ ನಾನು ತೋಟದ ಬೇವಿನ ಮರಕ್ಕೆ ಒಂದು ಕಬ್ಬಿಣದ ತುಂಡು ನೇತುಹಾಕಿದ್ದೆ. ಅದನ್ನು ಬಾರಿಸಿದಾಗ ಕಸ ಕೀಳುವವರು ನೀರಿಗೆ, ನೀರು ಹಾಕುವವರು ಕಸಕ್ಕೆ ಬದಲಾಗಬೇಕು. ಕೆರೂರ ಹತ್ತಿರದ ಹಳ್ಳಿಯಿಂದ ಸಿದ್ದಪ್ಪ ಎಂಬ ಕುರಿ ಕಾಯುವವನು ಬಂದಿದ್ದ. ಕುರುಬರ ದೇವರು ಬೀರಪ್ಪನ ಒಕ್ಕಲು, ಎತ್ತರದ ಮೈ, ಹೆಗಲ ಮೇಲೆ ಕಂಬಳಿ. ಅವನ ತಮ್ಮ ಸತ್ತ ಮೇಲೆ ಮಾತು ಬಿಟ್ಟಿದ್ದ ಎಂದು ಮನೆಯವರು ಹೇಳಿದ್ದರು. ಬದನೆ ಮಡಿಯ ಪಕ್ಕ ಕೂತು ಮೌನವಾಗಿ ಕಸ ಕೀಳುತ್ತಿದ್ದ. ನಾನೂ ಅವನ ಎದುರು ಕೂತು ಕೀಳುತ್ತಿದ್ದೆ. ಒಂದು ಬೆಳಗ್ಗೆ ಅವನು ತಲೆ ಎತ್ತದೆ, "ಸರ್, ಅವತ್ತ ನನ್ನ ತಮ್ಮ ಕುರಿ ಹೊಡಕೊಂಡು ಹಳ್ಳಕ್ಕ ಇಳದಾಗ ನಾ..." ಎಂದ.

ನಾನು ಕೈಗಡಿಯಾರ ನೋಡಿದೆ. ಹೊತ್ತಾಗಿತ್ತು. ಎದ್ದು ಹೋಗಿ ಗಂಟೆ ಬಾರಿಸಿ ಬಂದು, "ಸಿದ್ದಪ್ಪ, ಝಾರಿ ತಗೋ, ನೀರು ಹಾಕು" ಎಂದೆ.

ಅವನು ಝಾರಿ ತೆಗೆದುಕೊಂಡ. ನೀರು ಹಾಕಿದ. ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಬಾಯಾರು ವರಾಂಡದಿಂದ ಎಲ್ಲ ನೋಡಿದ್ದರು. ನನ್ನನ್ನು ಕರೆದು ತಗ್ಗಿದ ಧ್ವನಿಯಲ್ಲಿ, "ಆ ಗಂಟಿ ನೀವು ಯಾರ ಸಲುವಾಗಿ ಬಾರಸ್ತೀರಿ?" ಎಂದು ಕೇಳಿದರು. ರೋಗಿಗಳ ಸಲುವಾಗಿ ಎಂದೆ. ಮರುದಿನ ಕಬ್ಬಿಣದ ತುಂಡು ಮರದಲ್ಲಿ ಇರಲಿಲ್ಲ. ಎಷ್ಟೋ ದಿನಗಳ ಮೇಲೆ ಸಿದ್ದಪ್ಪ ಆ ಮಾತನ್ನು ಬಾಯಾರ ಹತ್ತಿರ ಮುಗಿಸಿದನಂತೆ. ಏನು ಹೇಳಿದ ಎಂದು ಅವರು ನನಗೆ ತಿಳಿಸಲಿಲ್ಲ, ತಿಳಿಸಬಾರದು ಕೂಡ. ಆ ಹಳ್ಳದಲ್ಲಿ ಏನಾಯಿತು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಇದರಿಂದ ನಾನು ಬುದ್ಧಿ ಕಲಿಯಬೇಕಿತ್ತು. ಕಲಿತದ್ದು ಗಂಟೆ ಬಾರಿಸಬಾರದು ಎಂಬುದನ್ನು ಮಾತ್ರ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಅವರದೇ ಒಂದು ಮಡಿ. ಅದರಲ್ಲಿ ಅವರೇ ನೆಡಬೇಕು, ಅವರೇ ನೋಡಿಕೊಳ್ಳಬೇಕು. ಬಾಯಾರು ಶನಿವಾರಕ್ಕೊಮ್ಮೆ ಮಡಿಯಿಂದ ಮಡಿಗೆ ಬಗ್ಗಿ ನೋಡುತ್ತಾ ಬರುತ್ತಿದ್ದರು. "ಮಡಿ ನೋಡಿದ್ರ ಕೈ ಗೊತ್ತಾಗತೈತಿ" ಎಂದು ನನಗೆ ಮೊದಲೇ ಹೇಳಿದ್ದರು. ಸಸಿ ಎಷ್ಟು ಆಳ ಇಳಿದಿದೆ, ಎಷ್ಟು ವಾಲಿದೆ, ಮಣ್ಣನ್ನು ಒತ್ತಲು ಬೆರಳಿಗೆ ಶಕ್ತಿ ಬಂದಿದೆಯೇ ಎಂಬುದನ್ನು ಅವರು ಅಲ್ಲಿ ಓದುತ್ತಿದ್ದರು. ನಾನೋ ಸಸ್ಯಕ್ಷೇತ್ರದ ಮನುಷ್ಯ. ಮೇಲಿನವರು ಬಗ್ಗಿ ನೋಡುತ್ತಾರೆಂದರೆ ಅದು ತಪಾಸಣೆ. ಮಡಿ ಕೆಟ್ಟಿದ್ದರೆ ರೋಗಿಗೆ ಅವಮಾನ, ನನಗೂ ಅವಮಾನ.

ಹೀಗಾಗಿ ಸಂಜೆ ಎಲ್ಲರೂ ಹೋದ ಮೇಲೆ ನಾನು ಒಂದು ಸುತ್ತು ಹಾಕುತ್ತಿದ್ದೆ. ವಾಲಿದ ಸಸಿಯನ್ನು ಎತ್ತಿ ನೆಡುತ್ತಿದ್ದೆ. ಸಾಲು ಬಿಟ್ಟದ್ದನ್ನು ಸಾಲಿಗೆ ತರುತ್ತಿದ್ದೆ. ಬುಡಕ್ಕೆ ಹೆಬ್ಬೆರಳು ಒತ್ತುತ್ತಿದ್ದೆ. ಯಾರೂ ಹೇಳಿರಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಪಾಪ, ಅವರ ಮಡಿಯೂ ಚೆಂದ ಕಾಣಲಿ ಎಂದುಕೊಳ್ಳುತ್ತಿದ್ದೆ. ಅದನ್ನು ಕರುಣೆ ಎಂದು ನಿಜವಾಗಿಯೂ ನಂಬಿದ್ದೆ. ಆ ನಂಬಿಕೆ ನೆನೆದರೆ ಈಗ ತಲೆ ತಗ್ಗುತ್ತದೆ.

ಗಂಗವ್ವ ಬಂದದ್ದು ಆ ದಿನಗಳಲ್ಲಿ. ಇಳಕಲ್ಲಿನವಳು, ಹರೆಯದಿಂದಲೂ ಸೀರೆ ನೇಯ್ದವಳು. ಲಕ್ವಾ ಹೊಡೆದು ಬಲಗೈ ಬಿದ್ದಿತ್ತು. ಬಾಗಲಕೋಟೆಯಲ್ಲಿ ತಂಗಿಯ ಮನೆಯಲ್ಲಿ ಉಳಿದುಕೊಂಡು ದಿನಾ ಬರುತ್ತಿದ್ದಳು. ಮಗ ಮಲ್ಲಪ್ಪ ಬಿಟ್ಟುಹೋಗಲು ಬಂದಾಗ ಅವನು ಕೇಳಿದ್ದು ಒಂದೇ: "ನಮ್ಮವ್ವ ಹೊಳ್ಳಿ ಮಗ್ಗಕ್ಕ ಕೂಡ್ತಾಳೇನ್ರಿ?" ಲಕ್ವಾ ಹೊಡೆದ ಹೊಸದರಲ್ಲಿ ಕೈಗೆ ಎಷ್ಟು ಕೆಲಸ ಕೊಡುತ್ತೇವೆಯೋ ಅಷ್ಟು ತಿರುಗಿ ಬರುತ್ತದೆ, ಈ ತಿಂಗಳುಗಳು ಹೋದರೆ ಕಷ್ಟ ಎಂದು ಬಾಯಾರು ಹೇಳಿದರು.

ಆಕೆಗೆ ಉಳ್ಳಾಗಡ್ಡಿ ಅಗಿ ಕೊಟ್ಟೆವು. ಈರುಳ್ಳಿಯ ನೂಲಿನಷ್ಟು ತೆಳುವಾದ ಸಸಿ, ಹೆಬ್ಬೆರಳು ತೋರುಬೆರಳು ಕೂಡಿಸಿ ಹಿಡಿಯಬೇಕು. ನೇಕಾರಳ ಕೈಗೆ ಒಪ್ಪುವ ಕೆಲಸ ಎಂದು ಬಾಯಾರೇ ಆರಿಸಿದ್ದು. ಮಣ್ಣು ಕೆದಕುವ ಕುರುಪಿಯ ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿಕೊಟ್ಟೆ. ಅಗಿ ಕೈಯಿಂದ ಜಾರಿ ಬೀಳುತ್ತಿತ್ತು. ಎತ್ತುತ್ತಿದ್ದಳು. ಮತ್ತೆ ಬೀಳುತ್ತಿತ್ತು. "ಬಾರಲೇ ಭಾಡ್ಯಾ" ಎಂದು ಅಗಿಯನ್ನೇ ಬೈಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ಮುಗಿಯುತ್ತಿತ್ತು; ಅದನ್ನು ಸಾಲು ಎನ್ನಬೇಕಾದರೆ ಧೈರ್ಯ ಬೇಕಿತ್ತು.

ಸಂಜೆ ನಾನು ಅದನ್ನು ನೆಟ್ಟಗೆ ಮಾಡಿದೆ.

ಮರುದಿನ ಬೆಳಗ್ಗೆ ಅವಳು ಮಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಹೀಗೇ ಕೆಲವು ದಿನ ನಡೆಯಿತು. ಬೆಳಗ್ಗೆ ಬಂದವಳೇ ಬಗ್ಗಿ, ಪ್ರತಿ ಅಗಿಯ ಬುಡದ ಗುಳಿಯಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಬಂದು, ಮುಖ ಅರಳಿಸಿ, "ಸರ್, ನನ್ನ ಕೈ ನನಗಿಂತ ಶ್ಯಾಣ್ಯಾ ಆಗೇತ್ರಿ. ಹಚ್ಚೂ ಮುಂದ ಸೊಟ್ಟ ಅನಸತೈತಿ. ಮುಂಜಾನೆ ನೋಡಿದ್ರ ನೆಟ್ಟಗ ಇರತೈತಿ" ಎಂದಳು.

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ನಾನು "ಚಲೋ ಆತು ಗಂಗವ್ವ" ಎಂದೆ.

ಬಾಯಾರು ಶನಿವಾರ ಬಂದು ಗುಳಿಗಳನ್ನು ನೋಡಿ, "ಹೆಬ್ಬೆರಳಿನ ಒತ್ತು ಬಂದೈತಿ" ಎಂದು ಸಂತೋಷಪಟ್ಟರು. ಆದರೆ ಒಳಗೆ ಕೋಣೆಯಲ್ಲಿ ಕೂಡಿಸಿ ಪರೀಕ್ಷೆ ಮಾಡಿದಾಗ ಕೈಗೆ ಅಷ್ಟು ಬಲ ಕಾಣುತ್ತಿರಲಿಲ್ಲ. ಅವರಿಗೆ ಅನುಮಾನ ಬಂತು. "ಅಕಿನ ಹಚ್ಚತಾಳಲ್ಲ?" ಎಂದು ನನ್ನನ್ನು ಕೇಳಿದರು. "ಹೌದ್ರಿ, ಅಕಿದ ಮಡಿ" ಎಂದೆ. ಸುಳ್ಳಲ್ಲ. ಸುಳ್ಳಿಗಿಂತ ಕೆಟ್ಟದ್ದು. ಪರೀಕ್ಷೆಗೆ ಕೂತರೆ ಹೆದರುತ್ತಾಳೆ, ತೋಟದಲ್ಲಿ ಮೈಮರೆಯುತ್ತಾಳೆ, ಅಲ್ಲಿ ಬರುವ ಕೈಯೇ ನಿಜವಾದ ಕೈ ಎಂದು ಬಾಯಾರು ತೀರ್ಮಾನಿಸಿದರು. ಇನ್ನು ಮನೆಗೆ ಹೋಗಿ ಮಗ್ಗದ ಮೇಲೆಯೇ ರೂಢಿ ಮಾಡಲಿ ಎಂದು ಕಳಿಸಿಕೊಟ್ಟರು. ಗಂಗವ್ವ ಹೋಗುವ ದಿನ ಎಲ್ಲರಿಗೂ ಬೆಲ್ಲ ಹಂಚಿದಳು. ನಾನೂ ತಿಂದೆ.

ಆ ಚಳಿಗಾಲ ಬಾಗಲಕೋಟೆಯ ಫಲಪುಷ್ಪ ಪ್ರದರ್ಶನದಲ್ಲಿ ನಮ್ಮ ಕೇಂದ್ರದ ತೋಟಕ್ಕೆ ಬಹುಮಾನ ಬಂತು. ಅಚ್ಚುಕಟ್ಟುತನಕ್ಕೆ ಎಂದು ವಿಶೇಷವಾಗಿ ಹೇಳಿದರು. ವೇದಿಕೆಯ ಮೇಲೆ ಒಂದು ತಟ್ಟೆಯಲ್ಲಿ ಅಗಿ, ಒಂದು ಅಗಲವಾದ ಮಣ್ಣಿನ ಕುಂಡ ಇಟ್ಟಿದ್ದರು. ರೋಗಿಗಳು ಹೇಗೆ ನೆಡುತ್ತಾರೆ ಎಂದು ಮುಖ್ಯ ಅತಿಥಿ ನೋಡಬೇಕಂತೆ. ಬಾಯಾರು ಫೋನು ಮಾಡಿ ಗಂಗವ್ವನನ್ನೇ ಕರೆಸಿದ್ದರು. ತಾನೇ ನೇಯ್ದ ಸೀರೆ ಉಟ್ಟು, ಸೊಸೆ ರೇಣುಕಾಳ ಜೊತೆ ಬಂದಿದ್ದಳು. ಮುಖ ಸೊರಗಿತ್ತು. ನಾನು ಅದನ್ನು ಬಸ್ಸಿನ ದಣಿವು ಎಂದುಕೊಂಡೆ.

ಅಗಿ ಎತ್ತಿದಳು, ಬಿತ್ತು. ಮತ್ತೆ ಎತ್ತಿದಳು. ಮೂರನೆಯ ಸಲ ಅದು ಮಣ್ಣಿಗೆ ಇಳಿಯಿತು, ಆದರೆ ಪೂರ್ತಿ ಮಲಗಿತು. ಅವಳು ಕೈ ತೆಗೆದದ್ದೇ ತಡ, ನನ್ನ ಕೈ ಹೋಯಿತು. ನಾನು ಕಳಿಸಲಿಲ್ಲ, ತಾನೇ ಹೋಯಿತು. ಅಗಿಯನ್ನು ಎತ್ತಿ, ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಹೆಬ್ಬೆರಳು ಒತ್ತಿತು.

ಗಂಗವ್ವ ಆ ಗುಳಿಯನ್ನು ನೋಡಿದಳು. ಬಗ್ಗಿ ಅದರಲ್ಲಿ ತನ್ನ ಹೆಬ್ಬೆರಳು ಇಟ್ಟಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಅಂದಳು:

"ಹಂಗಾರ ಇದು ನಿಮ್ಮ ಕೈ ಏನ್ರಿ, ಸರ್."

ಕೆಳಗೆ ಕೂತವರಿಗೆ ಅದು ಕೇಳಿಸಲಿಲ್ಲ. ನಾನು ರೋಗಿಗೆ ನೆರವಾದೆ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಯೂ ತಟ್ಟಿದರು. ಗಂಗವ್ವ ಸೆರಗಿನಲ್ಲಿ ಬಲಗೈ ಸುತ್ತಿಕೊಂಡು ವೇದಿಕೆ ಇಳಿದು ಹೋದಳು. ಪಕ್ಕದಲ್ಲಿ ನಿಂತಿದ್ದ ಬಾಯಾರು ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಪೆಂಡಾಲಿನ ಹಿಂದೆ ಕುಂಡಗಳನ್ನು ಇಳಿಸುವ ಜಾಗದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. ಯಾವಾಗಿನಿಂದ ಎಂದರು. ಮೊದಲಿನಿಂದಲೂ ಎಂದೆ. ಎಲ್ಲರ ಮಡಿಯೂ ಹೀಗೆಯೇ ಎಂದರು. ಎಲ್ಲರದೂ ಎಂದೆ. ಅವರು ಕುಂಡದ ಅಂಚಿನ ಮೇಲೆ ಕೂತುಬಿಟ್ಟರು. ಧ್ವನಿ ಇನ್ನಷ್ಟು ತಗ್ಗಿತು.

"ಅಕಿ ಕೈ ಅಂತ ನಾ ನಿಮ್ಮ ಕೈ ನೋಡಿದೆ. ಖರೆ ಕೈ ನನ್ನ ಎದುರಿಗೇ ಕುರ್ಚಿ ಮ್ಯಾಲೆ ಕೂತಿತ್ತು. ಅದನ್ನ ನಂಬಲಿಲ್ಲ."

ನನ್ನನ್ನು ಕೆಲಸದಿಂದ ತೆಗೆಯಿರಿ ಎಂದೆ. ಅದು ನಿಮಗೆ ಸಲೀಸು ಆಗುತ್ತದೆ ಎಂದರು. ಫೋನು ಮಾಡಿ ಕರೆಯುವುದಿಲ್ಲ, ನೀವೇ ಇಳಕಲ್ಲಿಗೆ ಹೋಗಬೇಕು, ಆಕೆ ಬೈದರೆ ಬೈಸಿಕೊಂಡು ಬರಬೇಕು ಎಂದರು.

ಹೋದೆ. ಒಂದು ದಾಳಿಂಬೆ ಸಸಿಯನ್ನು ಚೀಲದಲ್ಲಿ ಇಟ್ಟುಕೊಂಡೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕೊಂಡೆ. ಕೊಂಡ ಮೇಲೆ ನಾಚಿಕೆ ಆಯಿತು. ಬಾಣಂತಿ ನೋಡಲು ಹೊರಟವನ ಹಾಗೆ ಸಿಹಿ ಹಿಡಿದುಕೊಂಡು ಹೊರಟಿದ್ದೆ. ಹುನಗುಂದ ದಾಟುವವರೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದೆ. ಅದನ್ನೂ ಅಚ್ಚುಕಟ್ಟಾಗಿ ಜೋಡಿಸುತ್ತಿದ್ದೇನೆ ಎಂದು ಹೊಳೆದು ಬಿಟ್ಟುಬಿಟ್ಟೆ.

ಓಣಿಯಲ್ಲಿ ಮನೆ ಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಗಂಗವ್ವ ಹೊರಗಿನ ಕಟ್ಟೆಯ ಮೇಲೆ ಕೂತು ರಾಟಿಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ನೂಲನ್ನು ಸಣ್ಣ ಕೊಳವೆಗೆ ಸುತ್ತುವ ಕೆಲಸ. ಮನೆಯಲ್ಲಿ ಮುದುಕರು, ಮಕ್ಕಳು ಮಾಡುವುದು. ಎಡಗೈಯಲ್ಲಿ ಮಾಡುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ. "ಕೂಡ್ರಿ ಸರ್. ರೇಣುಕಾ, ಚಾ ಇಡು" ಎಂದಳು.

ಚಹಾ ಕೊಡುತ್ತಾ ರೇಣುಕಾ ಹೇಳಿದಳು. ಅತ್ತೆ ಮನೆಗೆ ಬಂದ ಮರುದಿನವೇ ಪೂಜೆ ಮಾಡಿ ಮಗ್ಗಕ್ಕೆ ಕೂತರಂತೆ. ಬಲಗೈಯಲ್ಲಿ ಹಗ್ಗ ಜಗ್ಗಿದರೆ ಲಾಳಿ ಈ ಕಡೆಯಿಂದ ಆ ಕಡೆಗೆ ಓಡಬೇಕು. ಓಡಲಿಲ್ಲ. ನಡುವೆಯೇ ನಿಂತು ಎಳೆ ಹರಿಯಿತು. ಮತ್ತೆ ಮತ್ತೆ ಹರಿದು ಉದ್ದ ನೂಲಿನ ಹಾಸೆಲ್ಲ ಕೆಟ್ಟಿತು. ಮಲ್ಲಪ್ಪ ಮೊದಲು ಎಳೆ ಗಂಟುಹಾಕಿ ಕೊಟ್ಟ. ಆಮೇಲೆ, ಬಾಗಲಕೋಟೆಯ ತೋಟದಲ್ಲಿ ನೆಟ್ಟಗೆ ಅಗಿ ಹಚ್ಚಲು ಬರುವ ಕೈಗೆ ಮನೆಯಲ್ಲಿ ಹಗ್ಗ ಜಗ್ಗಲು ಬರುವುದಿಲ್ಲವೇ ಎಂದ. ಓಣಿಯ ಹೆಂಗಸರೂ ಅದನ್ನೇ ಅಂದರು. ಪ್ರದರ್ಶನಕ್ಕೆ ಕರೆ ಬಂದಾಗ, ಮಣ್ಣಿನಲ್ಲಾದರೂ ಕೈ ಬರುತ್ತದೇನೋ ನೋಡೋಣ ಎಂದು ಅತ್ತೆ ಹೊರಟರಂತೆ.

ಒಳಗೆ ಮಲ್ಲಪ್ಪ ನೇಯುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ಗಂಗವ್ವನಿಗೆ ತಪ್ಪಾಯಿತು ಎಂದೆ. ಸಂಜೆ ಮಾಡುತ್ತಿದ್ದದ್ದನ್ನೆಲ್ಲ ಹೇಳಿದೆ. ಅವಳು ರಾಟಿ ನಿಲ್ಲಿಸದೆ ಕೇಳಿದಳು.

"ದೇವರು ಕೈ ಕೊಟ್ಟ ಅಂತ ಊರಿಗೆಲ್ಲಾ ಹೇಳಿದ್ನಿರಿ," ಎಂದಳು. "ಕೈ ಬಿದ್ದಾಗ ನಾ ಅಳಲಿಲ್ಲ. ಮಗ ಹಂಗ ಅಂದಾಗ, ಹೌದೇನೋ, ನಾನ ಮೈಗಳ್ಳಿ ಆಗೇನೇನೋ ಅನಕೊಂಡ್ನಿ. ಅವತ್ತ ಅತ್ನಿರಿ."

ಮಗ್ಗದ ಸದ್ದು ನಿಂತಿತು. ಮಲ್ಲಪ್ಪ ಬಾಗಿಲಲ್ಲಿ ಬಂದು ನಿಂತ. ಅವ್ವನ ಕಡೆ ನೋಡಲಿಲ್ಲ, ನನ್ನನ್ನೇ ಕೇಳಿದ.

"ಹಂಗಾರ ನಮ್ಮವ್ವ ನಾಟಕ ಮಾಡಿರಲಿಲ್ಲ?"

"ಇಲ್ಲಪ್ಪ," ಎಂದೆ. "ಮಾಡಿದಾಂವ ನಾನು."

ಅವನು ಒಳಗೆ ಹೋದ. ಮಗ್ಗದ ಸದ್ದು ಮತ್ತೆ ಬರಲಿಲ್ಲ.

ಗಂಗವ್ವ ರಾಟಿ ಬದಿಗೆ ಸರಿಸಿ, ಚೀಲದಲ್ಲಿ ಏನಿದೆ ಎಂದು ಕೇಳಿದಳು. ಸಸಿ ತೋರಿಸಿದೆ. ಕಟ್ಟೆಯ ಪಕ್ಕದ ಜಾಗ ತೋರಿಸಿ ಅಲ್ಲಿ ಹಚ್ಚಿರಿ ಎಂದಳು. ನಾನು ಕುರುಪಿ ತೆಗೆದುಕೊಂಡು ಕೂತೆ.

"ಆ ಕೈ ಬ್ಯಾಡ್ರಿ. ಎಡಗೈಲೆ ಹಚ್ರಿ."

ಎಡಗೈಯಲ್ಲಿ ಕುಣಿ ತೋಡುವುದೇ ಕಷ್ಟವಾಯಿತು. ಕುರುಪಿ ಜಾರಿತು, ಮಣ್ಣು ಸಿಡಿದು ಧೋತರದ ಮೇಲೆ ಬಿತ್ತು. ಸಸಿ ಇಳಿಸಿ ಒಂದೇ ಕೈಯಲ್ಲಿ ಹಿಡಿಯಲೂ ಬೇಕು, ಮಣ್ಣು ತುಂಬಲೂ ಬೇಕು. ಅದು ರಸ್ತೆಯ ಕಡೆಗೆ ವಾಲಿತು. ಬಲಗೈ ತಾನಾಗಿಯೇ ಮುಂದೆ ಬಂತು.

"ಅದನ್ನ ಹಿಂದ ಇಟಗೋರಿ," ಎಂದಳು.

ಬೆನ್ನ ಹಿಂದೆ ಇಟ್ಟುಕೊಂಡೆ. ಎದುರು ಮನೆಯ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ನೂಲು ಬಿಡಿಸುವುದನ್ನು ನಿಲ್ಲಿಸಿ, ಧೋತರದ ಗಂಡಸೊಬ್ಬ ಒಂದು ಕೈ ಬೆನ್ನಿಗೆ ಹಚ್ಚಿಕೊಂಡು ಒದ್ದಾಡುವುದನ್ನು ನೋಡುತ್ತಿದ್ದರು. ಮುಗಿದಾಗ ಸಸಿ ಸೊಟ್ಟಗಿತ್ತು. ಮಣ್ಣು ಒಂದು ಕಡೆ ಗುಡ್ಡ, ಒಂದು ಕಡೆ ತಗ್ಗು. ನನ್ನ ಜೀವನದಲ್ಲಿ ಅಷ್ಟು ಕೆಟ್ಟದಾಗಿ ಯಾವ ಗಿಡವನ್ನೂ ನೆಟ್ಟಿರಲಿಲ್ಲ. ತಿದ್ದಲು ಮೈಯೆಲ್ಲ ತುಡಿಯುತ್ತಿತ್ತು. ಗಂಗವ್ವ ಅದನ್ನು ಎಲ್ಲ ಕಡೆಯಿಂದ ನೋಡಿದಳು. ತಿದ್ದಲಿಲ್ಲ. "ಇರಲಿ" ಎಂದು ತಂಬಿಗೆಯಿಂದ ನೀರು ಹಾಕಿದಳು.

ಆಮೇಲೆ ಅಂದಳು: "ಸೋಮಾರ ಬರ್ತೇನಿ. ನನ್ನ ಮಡ್ಯಾಗ ನಿಮ್ಮ ಬೆರಳು ಕಂಡ್ರ ಅವತ್ತ ಹೊಳ್ಳಿ ಹೋಗ್ತೇನಿ."

ಬಂದಳು. ತೋಟದ ಬಾಗಿಲ ಕೀಲಿಯನ್ನು ನಾನು ಕಾವಲುಗಾರನ ಕೈಗೆ ಕೊಟ್ಟೆ. ರೋಗಿಗಳು ಹೊರಟಾಗ ನಾನೂ ಹೊರಡುವುದು, ಇದು ನಿಯಮವಾಯಿತು. ಮೊದಲ ಶನಿವಾರ ಬಾಯಾರು ಬಂದಾಗ ಇಡೀ ತೋಟ ಬೇರೆಯೇ ಕಂಡಿತು. ಯಾರ ಕೈ ಎಷ್ಟು ನಡುಗುತ್ತದೆ, ಯಾರ ಮನಸ್ಸು ಎಲ್ಲಿ ಅರ್ಧಕ್ಕೆ ನಿಂತಿತು, ಎಲ್ಲವೂ ಮಣ್ಣಿನ ಮೇಲೆ ಇತ್ತು. ಎಷ್ಟು ಜನರ ಎಷ್ಟು ಶನಿವಾರಗಳನ್ನು ನಾನು ಅಳಿಸಿದ್ದೆ ಎಂದು ಅಂದು ತಿಳಿಯಿತು. ಗಂಗವ್ವ ತನ್ನ ಸಾಲು ತೋರಿಸಿ, "ಎತ್ತು ಉಚ್ಚಿ ಹೊಯ್ದಂಗ ಆಗೇತ್ರಿ ಬಾಯಾರ, ಆದ್ರ ನಂದ ಐತಿ" ಎಂದಳು. ಎಲ್ಲರೂ ನಕ್ಕರು. ಬಾಯಾರೂ ನಕ್ಕರು. ಬಹಳ ದಿನಗಳ ಮೇಲೆ.

ಕೈ ಸ್ವಲ್ಪ ಬಂತು. ರೊಟ್ಟಿ ಬಡಿಯುವಷ್ಟು, ಕುಬಸದ ಗುಂಡಿ ಹಾಕಿಕೊಳ್ಳುವಷ್ಟು. ಲಾಳಿಯ ಹಗ್ಗ ಜಗ್ಗುವಷ್ಟು ಬರಲಿಲ್ಲ. ಮನೆಯಲ್ಲಿ ಆಕೆಯ ಕೈಯ ಬಗ್ಗೆ ಯಾರೂ ಮತ್ತೆ ಮಾತಾಡಲಿಲ್ಲವಂತೆ. ಮಲ್ಲಪ್ಪ ಓಣಿಯ ಹೆಂಗಸರ ಮುಂದೆ ತಾನೇ ಎಲ್ಲ ಹೇಳಿದನಂತೆ. ಆದರೆ ಅವಳು ಮತ್ತೆ ಸೀರೆ ನೇಯಲಿಲ್ಲ. ಕಳೆದುಹೋದ ಆ ತಿಂಗಳುಗಳು ಇದ್ದಿದ್ದರೆ ಬರುತ್ತಿತ್ತೇ ಎಂದು ಬಾಯಾರನ್ನು ಒಮ್ಮೆ ಕೇಳಿದೆ. ಬರುತ್ತಿತ್ತು ಎನ್ನಲಿಲ್ಲ. ಬರುತ್ತಿರಲಿಲ್ಲ ಎಂದೂ ಅನ್ನಲಿಲ್ಲ.

ಈಗ ಪದ್ಧತಿ ಬದಲಾಗಿದೆ. ಬಗ್ಗಲಾರದವರಿಗೆ ಸೊಂಟದೆತ್ತರ ಕಟ್ಟಿದ ಮಡಿಗಳಿವೆ, ಗಾಲಿಕುರ್ಚಿ ಅದರ ಕೆಳಗೆ ಹೋಗುತ್ತದೆ. ಹಗುರ ಉಪಕರಣಗಳಿವೆ. ರೋಗಿ ನೆಟ್ಟ ಕೂಡಲೇ ಮಡಿಯ ಫೋಟೋ ತೆಗೆದು ಮೊಬೈಲಿನಲ್ಲಿ ಇಡುತ್ತಾರೆ. ಸಂಜೆ ಯಾರಾದರೂ ತಿದ್ದಿದರೆ ಸಿಕ್ಕಿಬೀಳುತ್ತಾರೆ. ಒಳ್ಳೆಯದು. ಆದರೂ ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು ಹೇಳುತ್ತೇನೆ. ನಿಮ್ಮ ಎದುರು ಒಬ್ಬರು ಸೊಟ್ಟ ಮಾಡುತ್ತಿರುವಾಗ ನಿಮ್ಮ ಕೈ ತುಡಿಯುತ್ತದೆ. ಅದು ಪ್ರೀತಿಯ ವೇಷ ಹಾಕಿಕೊಂಡು ಬರುತ್ತದೆ. ಬರಲಿ. ಕೈಯನ್ನು ಹಿಂದೆ ಇಟ್ಟುಕೊಳ್ಳಿ.

ನಿವೃತ್ತಿಯಾದ ಮೇಲೆ ಇಳಕಲ್ಲಿಗೆ ಆಗಾಗ ಹೋಗುತ್ತೇನೆ. ದಾಳಿಂಬೆ ಗಿಡ ದೊಡ್ಡದಾಗಿದೆ, ಕಾಯಿ ಬಿಡುತ್ತದೆ. ರಸ್ತೆಯ ಕಡೆಗೇ ವಾಲಿಕೊಂಡು ಬೆಳೆದು, ಓಣಿಯಲ್ಲಿ ಹೋಗುವವರ ತಲೆಗೆ ಬಡಿಯುತ್ತದೆ. ಸೈಕಲ್ ಮೇಲೆ ಹೋಗುವವರು ಬೈಯುತ್ತಾರೆ. ಒಂದು ಗೂಟ ಕೊಟ್ಟು ಕಟ್ಟಬಾರದೇ ಎಂದು ಎದುರು ಮನೆಯವರು ಕೇಳಿದರೆ ಗಂಗವ್ವ ಕಂಡಿಕೆ ಸುತ್ತುತ್ತಾ, "ಅದು ಸರ್ ಹಚ್ಚಿದ್ದು. ಹಂಗ ಇರಲಿ" ಎನ್ನುತ್ತಾಳೆ.

ಹೋದಾಗಲೆಲ್ಲ ನಾನು ಆ ಗಿಡದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಟ್ಟೆಯ ಮೂಲೆಯಲ್ಲಿ ಒಂದು ಒಳ್ಳೆಯ ಗೂಟವೂ ಇದೆ, ಹಗ್ಗವೂ ಇದೆ. ಗಂಗವ್ವ ನೋಡುತ್ತಿರುತ್ತಾಳೆ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತೇನೆ.